ಇಲಿಯಿಲ್ಲದ ಗೋದಾಮು

ಎರಡು ವರ್ಷ ನಾನು ಷಡಕ್ಷರಪ್ಪ ಸಾಹುಕಾರರ ಗೋದಾಮಿನಲ್ಲಿ ಕೂತು ಚೆನ್ನಾಗಿದ್ದ ಗೋಣಿಚೀಲಗಳನ್ನು ಹರಿದಿದ್ದೇನೆ. ಅವುಗಳನ್ನು ಕಾಯಬೇಕಾದವನೇ ನಾನು. ಸಂಬಳ ಬರುತ್ತಿದ್ದದ್ದೂ ಅದಕ್ಕೇ. ಈಗ ಇದನ್ನು ಹೇಳಿದರೆ ಯಾರೂ ನನ್ನನ್ನು ಪೊಲೀಸಿಗೆ ಹಿಡಿದುಕೊಡುವುದಿಲ್ಲ, ನಗಬಹುದು ಅಷ್ಟೆ. ನಗಲಿ.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಸಾಹುಕಾರರ ಅಡಿಕೆ ಮಂಡಿ. ಮಂಡಿಯ ಹಿಂದೆ ಗೋದಾಮು. ಗೋದಾಮಿನ ಹಿಂದೆ ಒಂದು ಕೋಣೆ, ಅದರಲ್ಲಿ ನಾನು. ಬೆಳಿಗ್ಗೆ ಬೀಗ ತೆಗೆಯುವುದು, ಒಳಗೆ ಬಂದ ಮೂಟೆ ಹೊರಗೆ ಹೋದ ಮೂಟೆ ನೋಡಿಕೊಳ್ಳುವುದು, ಸಂಜೆ ಬೀಗ ಹಾಕುವುದು, ಒಬ್ಬನೇ ಅನ್ನ ಬೇಯಿಸಿಕೊಂಡು ಉಣ್ಣುವುದು. ಇಪ್ಪತ್ತೆಂಟು ವರ್ಷ ಹೀಗೇ ಕಳೆದಿತ್ತು. ನನಗೆ ಸಿಟ್ಟು ಜಾಸ್ತಿ ಎಂದು ಹಮಾಲರು ಹೇಳುತ್ತಿದ್ದರು. ಮಾತಾಡುವವರು ಯಾರೂ ಇಲ್ಲದಿದ್ದರೆ ಸಿಟ್ಟಾದರೂ ಇರಬೇಕಲ್ಲ ಮನುಷ್ಯನಿಗೆ.

ಸಾಹುಕಾರರಿಗೆ ಎಷ್ಟು ಆಸ್ತಿ ಇತ್ತೋ ನನಗೆ ಗೊತ್ತಿಲ್ಲ. ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ ಎಂದು ನನ್ನ ಅನುಮಾನ. ಒಮ್ಮೆ ಅವರ ಜೊತೆ ಕಾರಿನಲ್ಲಿ ದುರ್ಗಿಗುಡಿ ಕಡೆ ಹೋಗುತ್ತಿದ್ದಾಗ ಒಂದು ಮಹಡಿ ಮನೆ ನೋಡಿ, "ಲಕ್ಷಣವಾಗಿದೆ ಕಣ್ರೀ, ಯಾರ್ದಿದು? ಕೊಡ್ತಾರೇನೋ ಕೇಳಿ" ಅಂದರು. ವಿಚಾರಿಸಿದೆ. ಅದು ಅವರದೇ ಮನೆ. ಬಾಡಿಗೆಗೆ ಕೊಟ್ಟು ಮರೆತಿದ್ದರು.

ಕೆಟ್ಟ ಮನುಷ್ಯ ಅಂತ ಹೇಳಲಾರೆ. ಪ್ರತಿ ಸೋಮವಾರ ಮಂಡಿಯ ಬಾಗಿಲಲ್ಲಿ ಅಕ್ಕಿ ದಾನ ಮಾಡುತ್ತಿದ್ದರು. ಇನ್ನೂರು ಜನ ಸಾಲು ನಿಲ್ಲುತ್ತಿದ್ದರು. ಗಂಡಸರು ಟವಲು ಹಿಡಿಯಬೇಕು, ಹೆಂಗಸರು ಸೆರಗು ಒಡ್ಡಬೇಕು. ಸಾಹುಕಾರರು ಹಿತ್ತಾಳೆಯ ಸೇರಿನಲ್ಲಿ ತಾವೇ ಅಳೆದು ಸುರಿಯುತ್ತಿದ್ದರು. ಕಣ್ಣು ಸೇರಿನ ಮೇಲೇ ಇರುತ್ತಿತ್ತು. ಕೊಡುವಾಗ ಮುಖ ನೋಡಿದರೆ ಅಹಂಕಾರ ಬರುತ್ತದೆ ಎಂದು ಅವರ ತಂದೆ ಹೇಳಿಕೊಟ್ಟಿದ್ದರಂತೆ. ಹಾಗಾಗಿ ಇಪ್ಪತ್ತು ವರ್ಷ ಅಕ್ಕಿ ಹಾಕಿದ ಮುದುಕಿಯನ್ನೂ ಬೀದಿಯಲ್ಲಿ ಕಂಡರೆ ಅವರಿಗೆ ಗುರುತು ಸಿಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಮೂಟೆ ಬಿಚ್ಚುತ್ತಿದ್ದವನು ನಾನು. ಮುಖಗಳನ್ನೆಲ್ಲ ನಾನು ನೋಡಬೇಕಾಗಿ ಬರುತ್ತಿತ್ತು.

ನನಗೆ ಆ ಸೋಮವಾರಗಳು ಆಗುತ್ತಿರಲಿಲ್ಲ. ಕಾರಣ ಇದೆ. ನಾವು ಅಯ್ಯನವರ ಪೈಕಿ, ಜಂಗಮರು. ನಮ್ಮಪ್ಪ ಹೆಗಲಿಗೆ ಜೋಳಿಗೆ ಹಾಕಿಕೊಂಡು ಭಕ್ತರ ಮನೆಮನೆಗೆ ಹೋಗಿ ಭಿಕ್ಷೆ ತರುತ್ತಿದ್ದ. ಅದು ನಮ್ಮ ಹಕ್ಕು, ಕೊಡುವವರಿಗೆ ಪುಣ್ಯ ಎಂದು ಅವನ ಮಾತು. ಭಕ್ತರೂ ಕೈಮುಗಿದೇ ಕೊಡುತ್ತಿದ್ದರು. ಆದರೆ ಕೆಲವು ಮನೆಗಳಲ್ಲಿ ಒಳಗಿನಿಂದ "ಅಯ್ನೋರು ಬಂದ್ರು, ಏನಾದ್ರೂ ಹಾಕಿ ಕಳ್ಸು" ಎನ್ನುವುದು ಹೊರಗೆ ನಿಂತ ನನ್ನ ಕಿವಿಗೆ ಬೀಳುತ್ತಿತ್ತು. ಹದಿನೆಂಟು ತುಂಬಿದಾಗ ಜೋಳಿಗೆಯನ್ನು ಗೂಟಕ್ಕೆ ತೂಗುಹಾಕಿ ಮಂಡಿ ಸೇರಿದೆ. ಅಂದಿನಿಂದ ಇಂಥದ್ದು ಬೇಕು ಎಂದು ಯಾರ ಮುಂದೆಯೂ ಕೈ ಚಾಚಿದವನಲ್ಲ. ಹೆಣ್ಣು ಕೊಡಿ ಎಂದೂ ಕೇಳಲಿಲ್ಲ, ಕೇಳದೆ ಯಾರೂ ಕೊಡಲೂ ಇಲ್ಲ. ಶಿವರಾತ್ರಿಯ ದಿನ ಸಾಹುಕಾರರು ನನ್ನ ಕಾಲಿಗೆ ಬೀಳುತ್ತಿದ್ದರು. ಮಾರನೆಯ ದಿನ "ನಾಗಯ್ಯ, ಬೀಗದ ಕೈ ಎಲ್ಲಿ" ಎನ್ನುತ್ತಿದ್ದರು.

ಒಮ್ಮೆ ಧೈರ್ಯ ಮಾಡಿ ಹೇಳಿದ್ದೆ. "ಸಾವ್ಕಾರ್ರೇ, ಈ ಸಾಲಲ್ಲಿ ಗಟ್ಟಿಮುಟ್ಟಾದೋರು ಐವತ್ತು ಜನ ಇದಾರೆ. ಅವರಿಗೆ ಏನಾದ್ರೂ ಕೆಲಸ ಹಚ್ಚಿದ್ರೆ ಸಾಲು ಕರಗುತ್ತೆ."

ಅವರು ನಕ್ಕರು. "ನಾಗಯ್ಯ, ಅಕ್ಕಿ ಕೊಟ್ರೆ ಸೋಮವಾರ ಮಾತ್ರ ಬರ್ತಾರೆ. ಕೆಲಸ ಕೊಟ್ರೆ ದಿನಾ ಬರ್ತಾರೆ."

 ನಾನು ಮುಂದಿನ ಮೂಟೆ ಬಿಚ್ಚಿದೆ.

ಸರ್ವರ್ ಬೀ ಆ ಸಾಲಿನವಳಲ್ಲ. ಅವಳು ಚೀಲ ಹೊಲಿಯುವವಳು. ಹಳೆಯ ಚೀಲ ಕೊಂಡು, ಹರಿದದ್ದಕ್ಕೆ ತೇಪೆ ಹಾಕಿಸಿ, ಅದರಲ್ಲಿ ಅಡಿಕೆ ತುಂಬಿ ಉತ್ತರದ ಕಡೆಗೆ ಕಳಿಸುವುದು ಆಗಿನ ಪದ್ಧತಿ. ಗಂಡ ಅಬ್ಬಾಸ್ ಅಲಿ ಮಂಡಿಯ ಗಾಡಿ ಹೊಡೆಯುತ್ತಿದ್ದ; ಜ್ವರ ಬಂದು ತೀರಿಕೊಂಡ. ನಲವತ್ತು ದಿನ ಕಳೆದ ಮೇಲೆ ಅವಳು ದಬ್ಬಣ ಹಿಡಿದು ಬಂದು ಗೋದಾಮಿನ ಮೂಲೆಯಲ್ಲಿ, ಬೆಳಕಿಂಡಿಯ ಕೆಳಗೆ ಕೂತಳು. ಹನ್ನೊಂದು ವರ್ಷ ಅಲ್ಲೇ ಕೂತಳು. ಮಕ್ಕಳಿಲ್ಲ. ಭದ್ರಾವತಿಯಲ್ಲಿ ಅಕ್ಕನ ಮಗಳು ಶಮ್ಸುನ್ನೀಸಾ ಒಬ್ಬಳಿದ್ದಳು. ಅವಳ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದ.

ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ನಾನು ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂರುವುದು, ಅವಳು ಬೆಳಕಿಂಡಿಯ ಕೆಳಗೆ. ನಡುವೆ ಇಪ್ಪತ್ತು ಅಡಿ, ಅಡಿಕೆ ಮೂಟೆಗಳು. ದಬ್ಬಣ ಗೋಣಿಯಲ್ಲಿ ತೂರುವ ಕಿರ್ ಸದ್ದು, ಹುರಿ ಎಳೆಯುವ ಸರ್ ಸದ್ದು. ಅವಳು ಚೀಲಗಳ ಜೊತೆ ಮಾತಾಡುತ್ತಿದ್ದಳು. "ನಿನಗೆ ಯಾರು ಈ ಗತಿ ತಂದ್ರೋ" ಎಂದು ಒಂದು ಚೀಲಕ್ಕೆ ಹೇಳುವಳು. ಮಧ್ಯಾಹ್ನ ನಾನು ಕೋಣೆಗೆ ಹೋಗಿ ಉಂಡು ಬರುವಾಗ ಅವಳು ರೊಟ್ಟಿ ತಿಂದು ಮುಗಿಸಿ "ಊಟ ಆಯ್ತಾ ಅಯ್ನೋರೇ" ಎನ್ನುವಳು. "ಆಯ್ತು" ಎನ್ನುವೆ. ಹನ್ನೊಂದು ವರ್ಷದಲ್ಲಿ ನನ್ನನ್ನು ಊಟ ಆಯಿತೇ ಎಂದು ಕೇಳಿದವಳು ಅವಳೊಬ್ಬಳೇ. ಅದನ್ನು ಆಗ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಸೇರು ಮಣಗಳು ಹೋಗಿ ಕಿಲೋ ತೂಕ ಬಂದ ವರ್ಷ ಸಾಹುಕಾರರ ಉತ್ತರದ ವ್ಯಾಪಾರಿ ಒಂದು ಕಾಗದ ಬರೆದ. ಇನ್ನು ಮೇಲೆ ಎಲ್ಲ ಚೀಲಗಳೂ ಒಂದೇ ತೂಕದ ಹೊಸ ಚೀಲಗಳಾಗಿರಬೇಕು, ತೇಪೆ ಹಾಕಿದ್ದು ಬೇಡ ಎಂದು. ಒಂದು ವಾರದಲ್ಲಿ ಕಲ್ಕತ್ತೆಯಿಂದ ಹೊಸ ಚೀಲದ ಕಟ್ಟುಗಳು ರೈಲಿನಲ್ಲಿ ಬಂದು ಇಳಿದವು. ತುಂಬಿದ್ದು ಹೋಯಿತು, ತಿರುಗಿ ಬರುವ ಪ್ರಶ್ನೆಯಿಲ್ಲ. ಹರಿದ ಚೀಲ ಎಂಬುದೇ ಗೋದಾಮಿನಲ್ಲಿ ಇಲ್ಲದಂತಾಯಿತು.

"ಆ ಹೆಂಗಸಿಗೆ ಸೋಮವಾರ ಬರೋಕೆ ಹೇಳಿ. ಎರಡು ಸೇರು ಹಾಕೋಣ" ಎಂದರು ಸಾಹುಕಾರರು. ಎಲ್ಲರಿಗೂ ಒಂದು, ಅವಳಿಗೆ ಎರಡು. ಅವರ ಮಟ್ಟಿಗೆ ಅದು ದೊಡ್ಡ ಮನಸ್ಸೇ.

ನಾನು ಹೋಗಿ ಹೇಳಿದೆ. ಅವಳು ದಬ್ಬಣಕ್ಕೆ ಹತ್ತಿದ್ದ ನಾರನ್ನು ಬೆರಳಿನಿಂದ ಒರೆಸುತ್ತಾ ಕೇಳಿಸಿಕೊಂಡಳು.

"ಅಯ್ನೋರೇ, ನನ್ನ ಸೆರಗು ನಮಾಜಿಗೆ ತಲೆ ಮೇಲೆ ಹಾಕ್ಕೊಳ್ಳೋಕೆ. ಬಾಗಿಲಲ್ಲಿ ನಿಂತು ಒಡ್ಡೋಕೆ ಅಲ್ಲ. ಕೈ ಇದೆ, ಕಣ್ಣಿದೆ."

"ಕೆಲಸ ಇಲ್ವಲ್ಲ ಸರ್ವರ್ ಬೀ."

"ಬರುತ್ತೆ ಬಿಡಿ."

ಸೋಮವಾರ ಅವಳು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಬೀಗ ತೆಗೆಯುತ್ತಲೂ ಬಂದು ತನ್ನ ಮೂಲೆಯಲ್ಲಿ ಕೂತಳು. ಹೊಲಿಯಲು ಏನೂ ಇರಲಿಲ್ಲ. ದಬ್ಬಣ ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಸುಮ್ಮನೆ ಕೂತು ಹೋದಳು. ಬುಧವಾರ ಹಾಗೇ. ಗುರುವಾರ ಊಟದ ಹೊತ್ತಿಗೆ ಅವಳ ಮಡಿಲಲ್ಲಿ ರೊಟ್ಟಿಯ ಗಂಟು ಇರಲಿಲ್ಲ. "ಊಟ ಆಯ್ತಾ ಅಯ್ನೋರೇ" ಎಂದಳು. ನನಗೆ "ಆಯ್ತು" ಎನ್ನಲು ಬಾಯಿ ಬರಲಿಲ್ಲ. ನನ್ನ ಅನ್ನ ತಂದು ಕೊಟ್ಟರೆ ತೆಗೆದುಕೊಳ್ಳುವವಳಲ್ಲ ಎಂದು ಗೊತ್ತಿತ್ತು. ಮೈಯೆಲ್ಲ ಉರಿದು ಸಾಹುಕಾರರ ಹತ್ತಿರ ಹೋದೆ.

ಅವರು ಫೋನಿನಲ್ಲಿದ್ದರು. ಇಟ್ಟ ಮೇಲೆ ಹೇಳಿದೆ. ಮುಖ ಗಂಟಿಕ್ಕಿದರು. "ಅಕ್ಕಿ ಬೇಡ ಅಂದ್ರೆ ನಾನೇನು ಮಾಡ್ಲಿ ಮಾರಾಯ್ರೇ? ಹರಿದ ಚೀಲ ಇಲ್ದಿದ್ರೆ ನೀವೇ ಹರಿದು ಕೊಡಿ, ಹೊಲೀಲಿ." ಮತ್ತೆ ಫೋನು ಎತ್ತಿಕೊಂಡರು.

ಅದು ತಮಾಷೆಗೆ ಹೇಳಿದ್ದೋ ಬೇಜಾರಿಗೆ ಹೇಳಿದ್ದೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಅಪ್ಪಣೆ ಎಂದೇ ತೆಗೆದುಕೊಂಡೆ. ಆ ಸಂಜೆ ಅವಳು ಹೋದ ಮೇಲೆ ಹೊಸ ಕಟ್ಟು ಬಿಚ್ಚಿ, ತರಕಾರಿ ಹೆಚ್ಚುವ ಚಾಕುವಿನಿಂದ ಹತ್ತು ಚೀಲ ಕೊಯ್ದೆ. ಹೊಸ ಗೋಣಿಯ ಎಣ್ಣೆವಾಸನೆ ಮೂಗಿಗೆ ಬಡಿಯಿತು.   

ಬೆಳಿಗ್ಗೆ ಅವಳ ಮುಂದೆ ಹಾಕಿದೆ. "ಇಲಿ ಕಡಿದಿದೆ" ಎಂದೆ. ಹಮಾಲರ ಕೊಕ್ಕೆ ತಾಗಿ ಹರಿಯಿತು ಎಂದಿದ್ದರೆ ಹೆಚ್ಚು ನಂಬುವಂತಿರುತ್ತಿತ್ತು. ಆದರೆ ಆ ಮಾತು ಹಮಾಲಿ ಮೇಸ್ತ್ರಿ ಹಿರಿಯಣ್ಣನ ಕಿವಿಗೆ ಬಿದ್ದರೆ ಅವನು ಜಗಳಕ್ಕೆ ಬರುತ್ತಾನೆ. ಇಲಿಗಳು ಬರುವುದಿಲ್ಲ.

ಸರ್ವರ್ ಬೀ ಒಂದು ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. ಹರಿದ ಜಾಗದ ಮೇಲೆ ಹೆಬ್ಬೆರಳು ಓಡಿಸಿದಳು.  ಆಮೇಲೆ ದಬ್ಬಣಕ್ಕೆ ಹುರಿ ಪೋಣಿಸಿದಳು. ಕಿರ್ ಎಂದಿತು. ಆ ಸದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬಾಗಿಲ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ತಿಂಗಳೊಳಗೆ ನಲವತ್ತು ಚೀಲ ಹೋಯಿತು. ಮಂಡಿಯ ಗುಮಾಸ್ತ ಇಷ್ಟೊಂದು ಹೊಸ ಚೀಲ ಏನಾಯಿತು ಎಂದು ಕೇಳಿದ. ಇಲಿ ಎಂದೆ. ಮಾತು ಸಾಹುಕಾರರಿಗೆ ಮುಟ್ಟಿತು. ಮಾರನೆಯ ದಿನ ಅವರ ಮನೆಯಿಂದ ಒಂದು ಬೆಕ್ಕು ಬಂತು, ಬುಟ್ಟಿಯಲ್ಲಿ, ಬಿಳಿಯದು, ಕಂದು ಬಾಲ. "ಇಲಿ ಕಾಟ ಅಂತ ಕೇಳಿದೆ, ಇದನ್ನ ಇಟ್ಕೊಳ್ಳಿ" ಎಂದು ಹೇಳಿ ಕಳಿಸಿದ್ದರು.

ಆಗ ತಿಳಿಯಿತು, ತಾವು ಹೇಳಿದ್ದನ್ನು ಅವರು ಮರೆತೇಬಿಟ್ಟಿದ್ದಾರೆ. ದುರ್ಗಿಗುಡಿಯ ಮನೆಯನ್ನು ಮರೆತ ಹಾಗೆ. ಹೋಗಿ ನೆನಪಿಸಬಹುದಿತ್ತು. ನೆನಪಿಸಿದರೆ "ಸಾಕು ನಿಲ್ಲಿಸಿ" ಎಂದುಬಿಟ್ಟಾರು ಎಂದು ಹೆದರಿ ಸುಮ್ಮನಿದ್ದೆ. ಅಂದಿನಿಂದ ಹರಿದದ್ದೆಲ್ಲ ನನ್ನ ಸ್ವಂತ ಕೆಲಸ.

ಆದರೆ ಹೊಸ ಚೀಲ ಮುಟ್ಟಲು ಧೈರ್ಯವಾಗಲಿಲ್ಲ. ಅವಳು ಹೊಲಿದ ಚೀಲಗಳು ಉತ್ತರಕ್ಕೆ ಹೋಗುವಂತಿರಲಿಲ್ಲ, ಯಾರಿಗೂ ಬೇಡವಾಗಿ ನನ್ನ ಕೋಣೆಯ ಪಕ್ಕ ಪೇರಿಸಿದ್ದವು. ಅವನ್ನೇ ಮತ್ತೆ ಹರಿಯತೊಡಗಿದೆ, ಹಳೆಯ ಹೊಲಿಗೆಯಿಂದ ಒಂದು ಗೇಣು ಈಚೆಗೆ. ಹೊಲಿದ ಚೀಲಗಳ ಲೆಕ್ಕ ನಾನು ಬರೆದುಕೊಟ್ಟರೆ ಮಂಡಿಯಿಂದ ಅವಳಿಗೆ ಎಂದಿನಂತೆ ಕೂಲಿ ಬರುತ್ತಿತ್ತು. ಚೀಲ ಅಂದರೆ ಚೀಲ, ಎಲ್ಲ ಒಂದೇ ಥರ ಇರುತ್ತದೆ, ಯಾರು ನೋಡುತ್ತಾರೆ ಎಂದುಕೊಂಡೆ. ಕೆಲಸದಲ್ಲಿ ನಾಜೂಕೂ ಬಂತು. ಚಾಕುವಿನಲ್ಲಿ ಕೊಯ್ದ ಅಂಚು ನೇರವಾಗಿರುತ್ತದೆಂದು ಅದನ್ನು ಕಲ್ಲಿನ ಮೇಲಿಟ್ಟು ಉಜ್ಜುತ್ತಿದ್ದೆ, ಮೊಳೆಯಿಂದ ನಾರು ಕೀಳುತ್ತಿದ್ದೆ. ದಿನಾ ಸಂಜೆ ಒಂದು ಗಂಟೆ ಆ ಕೆಲಸ. ನಿಜ ಹೇಳಬೇಕೆಂದರೆ ಇಪ್ಪತ್ತೆಂಟು ವರ್ಷದಲ್ಲಿ ನಾನು ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಬೇರೆ ಇಲ್ಲ.

ಬೆಕ್ಕು ಅವಳ ಮಗ್ಗುಲಲ್ಲಿ ಮಲಗುತ್ತಿತ್ತು. ಸಿಮೆಂಟಿನ ನೆಲ, ತಗಡಿನ ಬಾಗಿಲು, ಒಳಗೆಲ್ಲ ಅಡಿಕೆ. ಅಲ್ಲಿ ಇಲಿ ಎಲ್ಲಿಂದ ಬರಬೇಕು. ಅವಳು ರೊಟ್ಟಿಯ ಚೂರು ಹಾಕಿ ಅದನ್ನು ಸಾಕಿದಳು. "ಏನ್ ಅಯ್ನೋರೇ, ನಿಮ್ಮ ಬೆಕ್ಕು ಒಂದು ಇಲೀನೂ ಹಿಡೀಲಿಲ್ವಲ್ಲ" ಎಂದು ಒಮ್ಮೆ ಹಿರಿಯಣ್ಣ ಕಿಚಾಯಿಸಿದ. "ಶ್ರೀಮಂತರ ಮನೆ ಬೆಕ್ಕು. ಅದಕ್ಕೆ ಕೆಲಸ ಮಾಡಿ ಗೊತ್ತಿಲ್ಲ" ಎಂದೆ. ಮೂಲೆಯಲ್ಲಿ ಸರ್ವರ್ ಬೀ ನಕ್ಕದ್ದು ಕೇಳಿಸಿತು. ನನ್ನ ಮಾತಿಗೆ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ. ಆ ವಾರವೆಲ್ಲ ನಗಿಸುವಂಥ ಇನ್ನೊಂದು ಮಾತು ಹುಡುಕಿದೆ, ಸಿಗಲಿಲ್ಲ.

ಎರಡನೆಯ ವರ್ಷದ ಕೊನೆಗೆ ಒಂದು ಶನಿವಾರ ಸಂಜೆ ಅವಳು ದಬ್ಬಣವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆ ಬಂದು ನಿಂತಳು.

"ಸೋಮವಾರದಿಂದ ಬರಲ್ಲ ಅಯ್ನೋರೇ. ಭದ್ರಾವತಿಗೆ ಹೋಗ್ತೀನಿ. ಶಮ್ಸು ಕರೀತಿದಾಳೆ. ಅಲ್ಲಿ ಕಾರ್ಖಾನೆ ಜನಕ್ಕೆ ಕೈಚೀಲ ಹೊಲಿಯೋ ಶೆಡ್ಡಿದೆ."

ಕಾರ್ಖಾನೆ ಜನಕ್ಕೆ ಕೈಚೀಲ ಯಾಕೆಂದು ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಹೋಗಬೇಡ ಎನ್ನಬೇಕು ಅನ್ನಿಸಿತು. ಯಾವ ಬಾಯಲ್ಲಿ ಅನ್ನುವುದು? ಇಲ್ಲಿ ನಿನಗೆ ಬೇಕಾದಷ್ಟು ಚೀಲ ಹರಿದುಕೊಡುತ್ತೇನೆ ಎನ್ನಲೇ?

"ಹೋಗು. ಇಲ್ಲೇನಿದೆ" ಎಂದೆ.

ಅವಳು ಒಂದು ಕ್ಷಣ ನಿಂತಳು. "ಹಂಗಾದ್ರೆ ಬರ್ತೀನಿ" ಎಂದು ಹೊರಟುಹೋದಳು. ಬೆಕ್ಕು ಬಾಗಿಲವರೆಗೆ ಹೋಗಿ ತಿರುಗಿ ಬಂತು.

ಸೋಮವಾರ ಸಂಜೆ ಅಭ್ಯಾಸಬಲದಿಂದ ಎರಡು ಚೀಲ ಹರಿದೆ. ಮಂಗಳವಾರ ಎರಡು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ವಾರ ಮುಗಿಯುವಷ್ಟರಲ್ಲಿ ಹನ್ನೆರಡು ಚೀಲ ಹರಿದು, ಅಂಚು ಉಜ್ಜಿ, ಬೆಳಕಿಂಡಿಯ ಕೆಳಗೆ ಮಡಿಸಿಟ್ಟಿದ್ದೆ. ಗೋದಾಮಿನಲ್ಲಿ ಸದ್ದೇ ಇರಲಿಲ್ಲ. ಮಧ್ಯಾಹ್ನ ಉಂಡು ಬಂದು ಮಣೆಯ ಮೇಲೆ ಕೂತರೆ ಯಾರೋ ಏನೋ ಕೇಳಬೇಕಿತ್ತು ಎನ್ನಿಸುವುದು. ಬೆಕ್ಕು ಮೂಲೆಯಲ್ಲಿ ಕೂತು ನನ್ನನ್ನೇ ನೋಡುವುದು. ಅದಕ್ಕೂ ನನಗೂ ಅಷ್ಟಕ್ಕಷ್ಟೇ. ನಾನು ಹಾಕಿದ ಅನ್ನವನ್ನು ಅದು ಮುಟ್ಟದೆ ಬಿಟ್ಟದ್ದೇ ಭದ್ರಾವತಿಗೆ ಹೋಗಲು ನನಗೊಂದು ನೆಪವಾಯಿತು.

ಭಾನುವಾರ ಮಂಡಿಗೆ ರಜೆ, ಆದರೆ ಕುಲುಮೆಗೆ ರಜೆ ಇಲ್ಲ, ಶೆಡ್ಡೂ ಇರುತ್ತದೆ ಎಂದು ಹಿರಿಯಣ್ಣ ಹೇಳಿದ್ದ. ಬೆಕ್ಕನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ. ದಾರಿಯುದ್ದಕ್ಕೂ ಅದು ಕೂಗಿತು. ಎದುರಿಗೆ ಕೂತ ಒಬ್ಬರು "ಏನು ಸ್ವಾಮಿ ಅದು" ಎಂದರು. "ಬೆಕ್ಕು" ಎಂದೆ. "ಬಿಟ್ಟು ಬರೋಕಾ?" ಎಂದರು. "ಕೊಟ್ಟು ಬರೋಕೆ" ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಭದ್ರಾವತಿಯಲ್ಲಿ ಇಳಿದರೆ ಗಾಳಿಗೇ ಕಬ್ಬಿಣದ ರುಚಿ. ಕೂಲಿಲೈನುಗಳ ನಡುವೆ ದಾರಿ ಕೇಳುತ್ತಾ ಹೋದೆ. ಒಬ್ಬ ಹೆಂಗಸು ತಮಿಳಿನಲ್ಲಿ ಏನೋ ಹೇಳಿ ಕೈ ತೋರಿಸಿದಳು. ತಗಡಿನ ಶೆಡ್ಡು, ಒಳಗೆ ಮೂವತ್ತು ಹೆಂಗಸರು, ಒಂದೇ ಸಮನೆ ಕಿರ್ ಕಿರ್ ಸದ್ದು. ಗುತ್ತಿಗೆದಾರ ಲಕ್ಷ್ಮೀಕಾಂತ ಎಂಬಾತ ಬಾಗಿಲಲ್ಲಿ ನಿಂತಿದ್ದ. "ಊಟದ ಸೈರನ್ ಆಗ್ಲಿ, ಆಮೇಲೆ ಮಾತಾಡಿಸಿ" ಎಂದ. ಹೊರಗೆ ಬೇವಿನ ಮರದ ಕೆಳಗೆ ಕಾದೆ.

ಸೈರನ್ ಕೂಗಿತು. ಸರ್ವರ್ ಬೀ ಹೊರಗೆ ಬಂದಳು. ಎಂಟು ದಿನಕ್ಕೇ ಬೇರೆ ಹೆಂಗಸಿನ ಹಾಗೆ ಕಂಡಳು. ನಡಿಗೆ ಚುರುಕಾಗಿತ್ತು, ಯಾರಿಗೋ ತಿರುಗಿ ಏನೋ ಹೇಳಿ ನಗುತ್ತಾ ಬರುತ್ತಿದ್ದಳು. ನನ್ನನ್ನು ಕಂಡು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಊಟ ಆಯ್ತಾ ಅಯ್ನೋರೇ" ಎಂದಳು.

 ನಾನು ಚೀಲದ ಬಾಯಿ ಬಿಚ್ಚಿದೆ. ಬೆಕ್ಕು ಜಿಗಿದು ಅವಳ ಕಾಲಿಗೆ ಮೈ ತಿಕ್ಕಿತು. "ಅದು ತಿನ್ನೋದು ಬಿಟ್ಟಿದೆ. ಅದಕ್ಕೇ ತಂದೆ" ಎಂದೆ.

"ಒಳ್ಳೇದಾಯ್ತು, ಇಲ್ಲೇ ಇರ್ಲಿ" ಎಂದು ಅವಳು ಬೆಕ್ಕನ್ನು ಎತ್ತಿಕೊಂಡಳು. "ಇಲ್ಲಿ ನಿಜವಾದ ಇಲಿ ಇದಾವೆ."

 ಅವಳು ಮರದ ಬುಡದಲ್ಲಿ ಕೂತಳು. ನಾನೂ ಸ್ವಲ್ಪ ದೂರದಲ್ಲಿ ಕೂತೆ. ಅವಳು ಮಡಿಲಿನಿಂದ ಒಂದು ವಸ್ತು ತೆಗೆದು ತೋರಿಸಿದಳು. ಎರಡು ಪದರ ಗೋಣಿ ಸೇರಿಸಿ, ಒಳಗೆ ಬಟ್ಟೆ ಕೊಟ್ಟು ಹೊಲಿದ, ಐದು ಬೆರಳಿನ ಕೈಗವಸು.

"ಇದೇ ಕೈಚೀಲ. ಕುಲುಮೆ ಮುಂದೆ ನಿಲ್ಲೋರು ಹಾಕ್ಕೊಳ್ತಾರೆ. ನನ್ನ ಹೊಲಿಗೆ ಬಿಟ್ಟುಕೊಂಡ್ರೆ ಶಮ್ಸು ಗಂಡನ ಕೈ ಸುಡುತ್ತೆ. ಅದಕ್ಕೇ ಗಟ್ಟಿ ಹೊಲೀತೀನಿ." ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಲ್ಲಿ ಹೊಲಿದಿದ್ದು ಯಾರಿಗೂ ಬೇಕಿರಲಿಲ್ಲ. ಒಂದೇ ಚೀಲ ಆರು ಸಲ ಹೊಲಿದಿದೀನಿ ಅಯ್ನೋರೇ. ನನ್ನ ಹೊಲಿಗೆ ನನಗೆ ಗುರುತು ಸಿಗಲ್ವಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡು ವರ್ಷ ಕಲ್ಲಿನ ಮೇಲೆ ಅಂಚು ಉಜ್ಜಿದ್ದು, ಮೊಳೆಯಿಂದ ನಾರು ಕಿತ್ತದ್ದು, ಎಲ್ಲ ಅವಳ ಕಣ್ಣ ಮುಂದೆಯೇ ನಡೆದಂತಾಗಿತ್ತು.

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನ. ಇಲಿ ನೆಟ್ಟಗೆ ಕಡಿಯುತ್ತಾ?"

 ಅವಳು ಬೆಕ್ಕಿನ ಕಿವಿ ಸವರುತ್ತಿದ್ದಳು. ಆಮೇಲೆ ತಲೆ ಎತ್ತದೆ ಕೇಳಿದಳು.

"ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬೇಡಿ. ಸಾವ್ಕಾರ್ರು ಹೇಳಿ ಮಾಡಿಸಿದ್ರಾ, ನೀವಾಗಿ ಮಾಡಿದ್ರಾ?"

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಸಾಹುಕಾರರು ಎಂದುಬಿಟ್ಟರೆ ಎರಡು ವರ್ಷ ಅವಳು ತಿಂದದ್ದು ಆ ಸೋಮವಾರದ ಅಕ್ಕಿಯೇ. ಸೆರಗು ಒಡ್ಡುವುದಿಲ್ಲ ಎಂದವಳ ಸೆರಗಿಗೆ ಗೊತ್ತಿಲ್ಲದಂತೆ ಸುರಿದ ಹಾಗೆ. ನಾನು ಎಂದರೆ? ನಾನು ಎಂದರೆ, ಏಕೆ ಎಂದೂ ಹೇಳಬೇಕಾಗುತ್ತದೆ. ಸಾಹುಕಾರರು ಹೇಳಿದ್ದು ಒಂದು ಸಲ, ಒಂದು ವಾಕ್ಯ. ಹರಿದದ್ದು ನಾನು, ಎರಡು ವರ್ಷ. ಇಷ್ಟನ್ನು ಮನಸ್ಸಿನಲ್ಲೇ ತೂಗಿ ನೋಡಿದೆ.

"ನಾನೇ" ಎಂದೆ.

"ಯಾಕೆ?"

ಐವತ್ತಕ್ಕೆ ಹತ್ತಿರವಾದ ನನ್ನ ಬದುಕಿನಲ್ಲಿ ಯಾರಿಗೂ ಹೇಳದ ಮಾತು ಅದು. ಜೋಳಿಗೆ ಹಿಡಿದು ನಿಂತ ಅಪ್ಪನ ಬೆನ್ನು ನೆನಪಾಯಿತು. "ನೀನು ಬರದಿದ್ರೆ ಅಲ್ಲಿ ಯಾರೂ ಇರಲ್ಲ. ಅದಕ್ಕೆ" ಎಂದೆ.

ಸರ್ವರ್ ಬೀ ತಲೆಯಾಡಿಸಿದಳು. "ನಾನೂ ಹಾಗೇ ಅಂದ್ಕೊಂಡೆ. ಸಾವ್ಕಾರ್ರು ಹೇಳಿ ಮಾಡಿದ್ದಾಗಿದ್ರೆ ಚಾಕು ಹಾಕಿ ಎಸೀತಿದ್ರಿ. ಕೂತು ಅಂಚು ಉಜ್ಜುತಿರಲಿಲ್ಲ." ನಿಧಾನವಾಗಿ ಹೇಳಿದಳು. "ಶಮ್ಸು ಹೋದ ವರ್ಷವೇ ಕರೆದಿದ್ಲು. ಆಗ್ಲೂ ಜಾಗ ಖಾಲಿ ಇತ್ತು."

"ಮತ್ತೆ ಬರಲಿಲ್ಲ ಯಾಕೆ?"

"ಅಷ್ಟು ಕಷ್ಟಪಟ್ಟು ಹರೀತಿದೀರಿ. ಹೊಲಿಯೋರು ಬೇಡ್ವಾ? ಇನ್ನೊಂದು ವರ್ಷ ಕೂತಿರೋಣ ಅಂತ ಕೂತೆ."

 ನಾನು ಕೊಡುತ್ತಿದ್ದೇನೆ, ಅವಳು ಗೊತ್ತಿಲ್ಲದೆ ಪಡೆಯುತ್ತಿದ್ದಾಳೆ ಎಂದು ಎರಡು ವರ್ಷ ಒಳಗೊಳಗೇ ಬೀಗಿದ್ದೆ. ಒಂದು ವರ್ಷ ಅವಳು ಇಲ್ಲಿಯ ಕೂಲಿ ಬಿಟ್ಟು, ಈ ಹೆಂಗಸರ ನಗು ಬಿಟ್ಟು, ಯಾರಿಗೂ ಬೇಡದ ಚೀಲ ಹೊಲಿಯುತ್ತಾ ನನ್ನ ಎದುರಿಗೆ ಕೂತಿದ್ದಳು. ಅದೂ ನನಗೆ ನಾಚಿಕೆಯಾಗದಂತೆ, ಒಂದು ಮಾತೂ ಆಡದೆ. ಸಾಹುಕಾರರು ಮುಖ ನೋಡದೆ ಕೊಡುತ್ತಿದ್ದರು. ಇವಳು ದಿನಾ ನನ್ನ ಮುಖ ನೋಡಿ, ಊಟ ಆಯಿತೇ ಎಂದು ಕೇಳಿ ಕೊಟ್ಟಿದ್ದಳು. ನನಗೆ ಅಳು ಬಂತು. ಅತ್ತೆ ಕೂಡ, ಸ್ವಲ್ಪ. ಅವಳು ಬೇರೆ ಕಡೆ ನೋಡುತ್ತಾ ಕೂತಿದ್ದಳು.

"ಈಗ ಯಾಕೆ ಬಂದ್ಬಿಟ್ಟೆ ಹಾಗಾದ್ರೆ?" ಎಂದು ಕೇಳಿದೆ. ಮಕ್ಕಳು ಕೇಳುವಂತೆ ಕೇಳಿದೆ.

"ನನಗೂ ವಯಸ್ಸಾಯ್ತು ಅಯ್ನೋರೇ. ಬೇಕಾದ್ದು ಏನಾದ್ರೂ ಹೊಲೀಬೇಕು ಅನ್ನಿಸ್ತು."

ಸೈರನ್ ಮತ್ತೆ ಕೂಗಿತು. ಹೆಂಗಸರು ಒಳಗೆ ಹೋಗತೊಡಗಿದರು. ಯಾರೋ "ಸರ್ವರಕ್ಕ" ಎಂದು ಕರೆದರು. ಅವಳು ರೊಟ್ಟಿಯ ಗಂಟು ಬಿಚ್ಚಿ, ಒಂದು ರೊಟ್ಟಿ ತೆಗೆದು ನನ್ನ ಕೈಗೆ ಕೊಟ್ಟಳು. "ಊಟ ಆಗಿಲ್ಲ ನಿಮ್ದು, ಮುಖ ನೋಡಿದ್ರೇ ಗೊತ್ತಾಗುತ್ತೆ. ತಿನ್ನಿ." ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಕೆಲಸಕ್ಕೆ ಹೋಗುವವರು ತಿರುಗಿ ನೋಡುವುದಿಲ್ಲ.

ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡಿದ್ದೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಆ ರೊಟ್ಟಿ ತಿಂದೆ.

ಮಾರನೆಯ ದಿನ ಸೋಮವಾರ. ಎಂದಿನಂತೆ ಸಾಲು, ಎಂದಿನಂತೆ ಸೇರು. ನಾನು ಮೂಟೆ ಬಿಚ್ಚುತ್ತಾ ನಿಂತೆ. ಸಾಹುಕಾರರು ನಡುವೆ ನನ್ನ ಕಡೆ ವಾಲಿ, "ನಾಗಯ್ಯ, ಇಲಿ ಕಾಟ ಈಗ ಹೇಗಿದೆ?" ಎಂದರು. "ಹೋಯ್ತು" ಎಂದೆ. "ನೋಡಿದ್ರಾ, ನಮ್ಮ ಬೆಕ್ಕು" ಎಂದು ಸಂತೋಷಪಟ್ಟು ಮುಂದಿನವರಿಗೆ ಅಕ್ಕಿ ಸುರಿದರು.

ಬಜಾರಿನಲ್ಲಿ ಒಂದು ದಬ್ಬಣ ಕೊಂಡೆ. ಆ ಹನ್ನೆರಡು ಚೀಲಗಳನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಬೆಳಕಿಂಡಿಯ ಕೆಳಗೆ ಕೂತು ದಿನಕ್ಕೊಂದರಂತೆ ಹೊಲಿದೆ. ಹೊಲಿಗೆ ಅಂಕುಡೊಂಕಾಗಿ ಬಂತು, ಬೆರಳಿಗೆ ಎರಡು ಸಲ ಚುಚ್ಚಿಕೊಂಡೆ. ಪಕ್ಕದಲ್ಲೇ ಅವಳ ಹಳೆಯ ಹೊಲಿಗೆಗಳು, ಒಂದೇ ಅಳತೆಯವು, ಬಿಗಿಯಾದವು. ಕಿರ್ ಸದ್ದು ಮಾತ್ರ ಅದೇ ಇತ್ತು. ಕಣ್ಣು ಮುಚ್ಚಿದರೆ ಬೇರೆ ಯಾರೋ ಕೂತು ಹೊಲಿಯುತ್ತಿದ್ದಾರೆ ಅನ್ನಿಸುತ್ತಿತ್ತು.

ಹದಿಮೂರನೆಯ ದಿನ ಹೊಲಿಯಲು ಏನೂ ಉಳಿದಿರಲಿಲ್ಲ. ಮಧ್ಯಾಹ್ನದವರೆಗೆ ದಬ್ಬಣ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಆಮೇಲೆ ಎದ್ದು ಹೋಗಿ ಚಾಕು ತಂದೆ. ಅವಳ ಹೊಲಿಗೆಗೆ ತಾಗದಂತೆ, ಒಂದು ಗೇಣು ಈಚೆಗೆ ಕೊಯ್ದೆ. ಅಂಚು ಉಜ್ಜಲಿಲ್ಲ. ನೋಡುವವರು ಯಾರಿದ್ದರು.